ಗೊಡೆಲೀವಳ ಬಲಗೈ

ಎಡಗಾಲನ್ನು ಹಿಂದಕ್ಕೆಳೆದು, ಬಲಗೈಯನ್ನು ಮೆಲ್ಲಗೆ ಭುಜದ ಮಟ್ಟಕ್ಕೆ ತಂದು ಲೀಸ್ಬೆಟ್ ಅಲ್ಲೇ ನಿಲ್ಲಿಸಿದಳು. ಹುಬ್ಬು ಗಂಟಿಕ್ಕಿ, ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡಳು. ಹಿಂದೆ ನಿಂತಿದ್ದ ಮೂವತ್ತು ಜನರೂ ಹುಬ್ಬು ಗಂಟಿಕ್ಕಿ ಸ್ಸ್ ಎಂದರು. ಗೆಂಟ್ ಊರಿನ ಚಿತಾಗಾರದ ಪಕ್ಕದ ಕೋಣೆಯಲ್ಲಿ, ಕೋಟು ನೇತುಹಾಕುವ ಗೂಟಗಳ ನಡುವೆ, ಅವರ ಕೊನೆಯ ತಾಲೀಮು ನಡೆದಿತ್ತು. ಇನ್ನರ್ಧ ಗಂಟೆಗೆ ಗೊಡೆಲೀವಳ ಶವಪೆಟ್ಟಿಗೆಯ ಸುತ್ತ ಇದನ್ನೇ ಮಾಡಬೇಕಿತ್ತು.

"ಸ್ವಲ್ಪ ಮುಂದಕ್ಕೆ ಹೋಗ್ರಪ್ಪಾ, ಈ ಕೋಟುಗಳ ಜೊತೆ ನಾನೂ ನೇತಾಡೋ ಹಂಗಿದೆ" ಎಂದ ಓಮರ್. ನಲ್ಲಿ ರಿಪೇರಿ ಮಾಡಿ ನಿವೃತ್ತನಾದ ಮುದುಕ. ಗುಂಪಿನಲ್ಲಿ ಎಲ್ಲರಿಗಿಂತ ಹಳಬ. ಹಳಬನೆಂದರೂ ಅವನು ಬಂದು ಹನ್ನೆರಡೇ ವರ್ಷ.

ಗೊಡೆಲೀವಳ ಗಂಡ ಆಖೀಲ್ ಅಷ್ಟರಲ್ಲಿ ಬಾಗಿಲಲ್ಲಿ ಬಂದು ನಿಂತಿದ್ದ. ಜನರಿಗೆ ಹಂಚಲು ತಂದಿದ್ದ, ಹೆಂಡತಿಯ ಫೋಟೋ ಇರುವ ಚೀಟಿಗಳ ಕಟ್ಟು ಕೈಯಲ್ಲಿತ್ತು.

"ಯಾರಿಗೆ ಭುಜ ನೋಯ್ತಿರೋದು?" ಎಂದ.

"ಯಾರಿಗೂ ಇಲ್ಲ. ನಡಿಗೆಯ ಕೊನೇ ಭಾಗ ಇದು" ಎಂದಳು ಲೀಸ್ಬೆಟ್.

ಆಖೀಲ್ ಅವಳ ಮುಖವನ್ನೇ ದಿಟ್ಟಿಸಿದ. ಆಮೇಲೆ ತೋಳು ಹಿಡಿದು ಕಿಟಕಿಯ ಬಳಿಗೆ ಕರೆದೊಯ್ದು ದನಿ ತಗ್ಗಿಸಿದ.

"ಯಾವ ನಡಿಗೆ ಮಗಳೇ? ಅದು ನನ್ನ ಹೆಂಡತಿ ಭುಜ."

*

ಹನ್ನೊಂದು ವರ್ಷದ ಹಿಂದೆ, ಟ್ರಾಮ್ ಓಡಿಸುವ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ಲೀಸ್ಬೆಟ್, ಗೊಡೆಲೀವ ನಡಿಗೆ ಕಲಿಸುತ್ತಿದ್ದ ಹಳೆಯ ನಾರಿನ ಗಿರಣಿಯ ಮೆಟ್ಟಿಲು ಹತ್ತಿದ್ದಳು. ಗಂಡ ಬಿಟ್ಟುಹೋದ ವರ್ಷ ಅದು. ಗುರುವಾರ ಸಂಜೆ ಎಲ್ಲಾದರೂ ಹೋಗಬೇಕಿತ್ತು, ಅಷ್ಟೇ.

ಗೊಡೆಲೀವ ಊರಿನ ಈಜುಕೊಳದಲ್ಲಿ ಬಟ್ಟೆಯಿಡುವ ಕಪಾಟುಗಳ ಬೀಗದ ಕೈ ಕೊಡುವ ಕೆಲಸ ಮಾಡಿದವಳು. ಎಂಬತ್ತೊಂದನೇ ಇಸವಿಯಲ್ಲಿ ಎಲ್ಲಿಂದಲೋ ಬಂದ ಕಲಾವಿದೆಯೊಬ್ಬಳು ಊರಿನ ಹನ್ನೊಂದು ಜನರಿಗೆ ಈ ನಡಿಗೆ ಕಲಿಸಿ ಹೋಗಿದ್ದಳು. ಕಲಾವಿದೆ ಸತ್ತಳು, ಹತ್ತು ಜನರೂ ಸತ್ತರು. ಇವಳೊಬ್ಬಳು ಉಳಿದಳು. ನಿಯಮ ಒಂದೇ: ಮುಂದೆ ನಿಂತವರು ಮಾಡಿದ್ದನ್ನು ಹಿಂದೆ ನಿಂತವರು ಮಾಡಬೇಕು. ಫೋಟೋ ಇಲ್ಲ, ವಿಡಿಯೊ ಇಲ್ಲ, ಬರಹ ಇಲ್ಲ. ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಗಬೇಕು.

ಒಮ್ಮೆ ಲೀಸ್ಬೆಟ್ ಹೆಜ್ಜೆಗಳನ್ನು ಕದ್ದು ಬರೆದುಕೊಂಡಿದ್ದಳು. ಗೊಡೆಲೀವ ಆ ಚೀಟಿಯನ್ನು ಕಿತ್ತುಕೊಂಡು ಅಂಗಿಯೊಳಗೆ ತುರುಕಿಕೊಂಡಳು.

"ಬರೆದ್ರೆ ಕಾಗದಕ್ಕೆ ಬರುತ್ತೆ ಕಣೇ, ನಿಂಗೆ ಬರಲ್ಲ. ಹಿಂದೆ ನಿಂತ್ಕೊ."

"ಕೈ ಯಾಕೆ ಅಲ್ಲಿಗೇ ನಿಲ್ಲುತ್ತೆ?"

"ಅಲ್ಲಿಗೇ ಸಾಕು" ಎಂದು ಗೊಡೆಲೀವ ನಕ್ಕಿದ್ದಳು. ಆ ನಗುವಿನಲ್ಲಿ ಏನೋ ಆಳವಾದದ್ದಿದೆ ಎಂದುಕೊಂಡು ಲೀಸ್ಬೆಟ್ ವಾರಗಟ್ಟಲೆ ಯೋಚಿಸಿದ್ದಳು. ಇತ್ತೀಚೆಗೆ ಆ ನಿಂತ ಕೈಯ ಬಗ್ಗೆ ಊರಿನ ಕಲಾ ಸಂಗ್ರಹಾಲಯದ ಸ್ಟೆಫನಿ ಎಂಬವಳಿಗೆ ಅರ್ಧ ಗಂಟೆ ವಿವರಿಸಿಯೂ ಇದ್ದಳು.

*

"ಹದಿನಾಲ್ಕು ವರ್ಷದ ಹಿಂದೆ ಈಜುಕೊಳದ ಒದ್ದೆ ಹಂಚಿನ ಮೇಲೆ ಬಿದ್ಲು" ಎಂದ ಆಖೀಲ್. "ಆವತ್ತಿಂದ ಆ ಕೈ ಮೇಲೆ ಹೋಗ್ಲಿಲ್ಲ. ಎರಡು ವರ್ಷ ಗುರುವಾರಾನೇ ನಿಂತುಹೋಯ್ತು, ಹಳಬ್ರೆಲ್ಲ ಚದುರಿದ್ರು, ಒಬ್ಬೊಬ್ರಾಗಿ ತೀರಿಕೊಂಡ್ರು. ಆಮೇಲೆ ಬಂದೋರು ನೀವುಗಳು."

"ನನಗ್ಯಾಕೆ ಹೇಳಲಿಲ್ಲ?"

"ಹೆದರಿಕೆ. ಗೊತ್ತಾದ್ರೆ ಇವಳಿಂದ ಆಗಲ್ಲ ಅಂತಾರೆ, ಬಿಡಿಸ್ತಾರೆ ಅಂತ. ಅದೊಂದು ಬಿಟ್ರೆ ಅವಳ ಹತ್ರ ಇನ್ನೇನಿತ್ತು ಹೇಳು. ನಾನು, ಮತ್ತೆ ಒಂದು ಬೆಕ್ಕು."

ಲೀಸ್ಬೆಟ್ಟಳಿಗೆ ಸೋಮವಾರ ನೆನಪಾಯಿತು. ಸಂಗ್ರಹಾಲಯ ನಡಿಗೆಯನ್ನು ಕಲಾಕೃತಿಯೆಂದು ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳಲು ಒಪ್ಪಿತ್ತು. ಬರುವ ಸೋಮವಾರ ನೋಟರಿಯ ಎದುರು ನಿಂತು, ನನಗೆ ಬಂದದ್ದು ಪೂರ್ತಿಯಾಗಿದೆ, ಸರಿಯಾಗಿದೆ ಎಂದು ಅವಳು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಾರೆನೆಂದರೆ ನಡಿಗೆ ನಷ್ಟವಾಯಿತೆಂದು ಬರೆದುಕೊಂಡು ಕಡತ ಮುಚ್ಚುತ್ತಾರೆ. ಹೇಳಿದರೆ, ಸತ್ತವಳ ಕೀಲುನೋವನ್ನು ಕಲೆಯೆಂದು ಒಪ್ಪಿಸಿದಂತೆ.

"ಮುಂಚೆ ಎಲ್ಲೀವರೆಗೆ ಹೋಗ್ತಿತ್ತು ಕೈ? ಪೂರ್ತಿ ಮೇಲಕ್ಕಾ? ಅಂಗೈ ಯಾವ ಕಡೆ ಇರ್ತಿತ್ತು?"

ಆಖೀಲ್ ತನ್ನ ಕೈಯೆತ್ತಿದ, ಇಳಿಸಿದ, ಮತ್ತೆ ಪಕ್ಕಕ್ಕೆ ಚಾಚಿ ನೋಡಿದ.

"ಎಷ್ಟೋ ಸಲ ನೋಡಿದೀನಿ ಮಗಳೇ. ಆದ್ರೆ ನಾನು ಅವಳನ್ನ ನೋಡ್ತಿದ್ದೆ. ಕೈನ ಯಾರು ನೋಡಿದ್ರು?"

ಅವನ ಕೈಯಿಂದ ಚೀಟಿಗಳ ಕಟ್ಟು ಜಾರಿ ನೆಲದ ತುಂಬ ಹರಡಿತು. ಇಬ್ಬರೂ ಬಗ್ಗಿ ಆರಿಸತೊಡಗಿದರು. ನಗುವ ಗೊಡೆಲೀವ, ಇನ್ನೊಬ್ಬಳು ನಗುವ ಗೊಡೆಲೀವ. ಎಲ್ಲ ಚೀಟಿಗಳಲ್ಲೂ ಕತ್ತಿನವರೆಗೆ ಮಾತ್ರ. ಲೀಸ್ಬೆಟ್ಟಳಿಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡುವುದು?

"ಒಳಗೆ ಕರೀತಿದಾರೆ" ಎಂದು ಸ್ಟೆಫನಿ ಬಂದಳು. ಸಂಗ್ರಹಾಲಯದ ಕಪ್ಪು ಕೋಟಿನ ಹುಡುಗಿ. "ನಾನೂ ಸಾಲಲ್ಲಿ ಹಿಂದೆ ನಿಂತ್ಕೊಳ್ಳಲಾ, ಲೀಸ್ಬೆಟ್? ಒಂದ್ಸಲ ಮೈಗೆ ಬಂದುಬಿಟ್ರೆ ಸೋಮವಾರ ಸುಲಭ ಆಗುತ್ತೆ."

"ನಿಂತ್ಕೊಳ್ಳಿ" ಎಂದಳು ಲೀಸ್ಬೆಟ್. ಬೇರೇನು ಹೇಳಬಹುದಿತ್ತು?

ಪೆಟ್ಟಿಗೆ ಚಿಕ್ಕದಾಗಿತ್ತು. ಮುಂದಿನ ಕುರ್ಚಿಯಲ್ಲಿ ಆಖೀಲ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತ. ಸುತ್ತು ಶುರುವಾಯಿತು. ಒಂದು ಹೆಜ್ಜೆಗೆ ಹತ್ತು ಉಸಿರು. ಹಿಂದಿನಿಂದ ಓಮರನ ಮೊಣಕಾಲು ಲಟಕ್ಕೆನ್ನುವುದು ಕೇಳುತ್ತಿತ್ತು.

ಈ ಸಲ ಪೂರ್ತಿ ಎತ್ತುತ್ತೇನೆ ಎಂದು ಲೀಸ್ಬೆಟ್ ತೀರ್ಮಾನಿಸಿದ್ದಳು. ಸರಿಯೋ ತಪ್ಪೋ, ಗೊಡೆಲೀವಳಿಗಾಗಿ ಒಮ್ಮೆ ಮೇಲಕ್ಕೆ. ಎಡಗಾಲು ಹಿಂದೆ ಸರಿಯಿತು. ಕೈ ಭುಜದ ಮಟ್ಟಕ್ಕೆ ಬಂತು. ನಿಂತಿತು. ನಲವತ್ತಾರು ವರ್ಷದ, ಯಾವ ರೋಗವೂ ಇಲ್ಲದ ಗಟ್ಟಿಮುಟ್ಟು ಕೈ. ಎತ್ತು, ಎತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಹುಬ್ಬು ತಾನಾಗಿ ಗಂಟಿಕ್ಕಿತು. ಹಲ್ಲಿನ ಸಂದಿಯಿಂದ ಉಸಿರು ತಾನಾಗಿ ಒಳಗೆ ಹೋಯಿತು. ಕೈ ಮೇಲೇಳಲಿಲ್ಲ.

ಅವಳಿಗೆ ಅಳು ತಡೆಯಲಾಗಲಿಲ್ಲ. ಕಣ್ಣಿಗಿಂತ ಮೊದಲು ಮೂಗು ಸುರಿಯಿತು. ಕರವಸ್ತ್ರ ಕೋಟಿನಲ್ಲಿತ್ತು, ಕೋಟು ಆಚೆ ಕೋಣೆಯಲ್ಲಿತ್ತು. ಅಂಗಿಯ ಎಡತೋಳಿನ ಅಂಚಿನಿಂದ ಮೂಗನ್ನು ಒಮ್ಮೆ ಒರೆಸಿಕೊಂಡಳು, ಸಾಲದೆ ಇನ್ನೊಮ್ಮೆ ಒರೆಸಿಕೊಂಡಳು.

ಹಿಂದಿನಿಂದ ಬಟ್ಟೆ ಸವರಿದ ಸದ್ದು ಕೇಳಿಸಿತು.

ನಡಿಗೆ ಮುಗಿಯುವುದು ಮುಂದೆ ನಿಂತವರು ಹಿಂದಕ್ಕೆ ತಿರುಗಿ ನೋಡುವುದರಲ್ಲಿ. ಲೀಸ್ಬೆಟ್ ತಿರುಗಿದಳು. ಮೂವತ್ತು ಜನ ಬಲಗೈ ಚಾಚಿಕೊಂಡೇ, ಎಡಗೈಯ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಕೊನೆಯ ಸಾಲಿನಲ್ಲಿ ಸ್ಟೆಫನಿ, ಎಷ್ಟು ಸಲ ಎಂದು ಪಕ್ಕದವರನ್ನು ಓರೆಗಣ್ಣಿನಿಂದ ನೋಡಿ, ತನ್ನ ಒಣ ಮೂಗನ್ನು ಎರಡನೇ ಸಲ ನಿಧಾನವಾಗಿ ಒರೆಸಿಕೊಂಡಳು.