ತತ್ತಿ ಹೊತ್ತ ರೇಸ್ ಸೈಕಲ್

ನಾನೊಂದು ರೇಸ್ ಸೈಕಲ್. ಹುಟ್ಟಿದ್ದು ದೂರದ ಪಂಜಾಬಿನ ಒಂದು ಕಾರ್ಖಾನೆಯಲ್ಲಿ. ನನ್ನನ್ನು ಮಾಡಿದವರು ಮೈಯಿಂದ ಭಾರವನ್ನೆಲ್ಲ ತೆಗೆದು, ಓಟವೊಂದನ್ನೇ ಉಳಿಸಿದ್ದರು. ವಿಜಯಪುರದ ಅಂಗಡಿಯಿಂದ ನನ್ನನ್ನು ಕೊಂಡು ತಂದವಳು ಗೌರವ್ವ, ಮಗಳು ಕಸ್ತೂರಿಗಾಗಿ. ಮನೆಗೆ ಬಂದ ದಿನ ನನ್ನ ಹ್ಯಾಂಡಲ್ಲಿಗೆ ವಿಭೂತಿ ಹಚ್ಚಿ, "ಶಿವನೇ, ನನ್ನ ಕೂಸಿನ್ನ ಕಾಯಪ್ಪಾ" ಎಂದಳು.

ಕಸ್ತೂರಿ ಹತ್ತಿ ಕೂತರೆ ನೆಲ ತಾಗಿದ್ದೇ ನನಗೆ ತಿಳಿಯುತ್ತಿರಲಿಲ್ಲ. ಅವಳು ಪದಕ ಗೆದ್ದು ಬಂದಾಗ ಊರಿನ ಚಹಾದಂಗಡಿಯಲ್ಲಿ ಕೂತವರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಮರುವರ್ಷದ ರೇಸಿನಲ್ಲಿ, ಇಳಿಜಾರಿನ ತಿರುವಿನಲ್ಲಿ, ಇಬ್ಬರೂ ಬಿದ್ದೆವು. ನನ್ನ ಗಾಲಿ ಸೊಟ್ಟಾಯಿತು, ಅವಳ ಮೊಣಕಾಲು ಮುರಿಯಿತು. ನನಗೆ ಹೊಸ ಗಾಲಿ ಹಾಕಿದರು. ಅವಳಿಗೆ ಡಾಕ್ಟರು ಹೇಳಿದ್ದು ಇಷ್ಟೇ: "ಇನ್ನು ರೇಸ್ ಬೇಡ. ಬಹಳ ನಡೆಯಲೂ ಬೇಡ. ನಿಧಾನವಾಗಿ ಸೈಕಲ್ ತುಳಿ, ಕಾಲಿಗೆ ಒಳ್ಳೆಯದು."

ಊರಿನ ಅಂಗನವಾಡಿಯಲ್ಲಿ ಅವಳಿಗೆ ಸಹಾಯಕಿಯ ಕೆಲಸ ಸಿಕ್ಕಿತು. ಮಕ್ಕಳಿಗೆ ಕೊಡುವ ತತ್ತಿಗಳನ್ನು ಪಕ್ಕದ ಊರಿನಿಂದ ತರಬೇಕು. ನನ್ನ ಬಾಗಿದ ಹ್ಯಾಂಡಲ್ ತೆಗೆಸಿ ನೆಟ್ಟಗಿನದು ಹಾಕಿಸಿದರು, ಹಿಂದೆ ಕ್ಯಾರಿಯರ್ ಕೂರಿಸಿದರು. ಕಸ್ತೂರಿ ಮಾತ್ರ ನನ್ನನ್ನು ಹತ್ತಲಿಲ್ಲ. ತಳ್ಳಿಕೊಂಡು ನಡೆದಳು, ಅದೂ ಕಾಲುವೆ ಪಕ್ಕದ ಹಿಂದಿನ ದಾರಿಯಲ್ಲಿ. ಕೇಳಿದವರಿಗೆ "ತತ್ತಿ ಒಡೀತಾವ್ರಿ" ಎನ್ನುತ್ತಿದ್ದಳು. ಕ್ಯಾರಿಯರ್ ಖಾಲಿ ಇದ್ದಾಗಲೂ ತಳ್ಳುತ್ತಿದ್ದಳೆಂಬುದು ನನಗೆ ಗೊತ್ತು. ಹಾರಿದವಳು ತೆವಳುವುದನ್ನು ಊರು ನೋಡಬಾರದು, ಅಷ್ಟೇ. ಸಂಜೆಯಾಗುವಷ್ಟರಲ್ಲಿ ಮೊಣಕಾಲು ಕುಂಬಳಕಾಯಿಯಂತೆ ಬಾತಿರುತ್ತಿತ್ತು.

ಅದಕ್ಕೆ ಎಣ್ಣೆ ತಿಕ್ಕುತ್ತ ಗೌರವ್ವ ಅಂದಳು, "ಹಿಂಗ ನಡದ್ರ ಇದ್ದ ಕಾಲೂ ಹೋಕ್ಕೈತಿ. ಸೈಕಲ್ ಹತ್ತು."

"ನಾ ಹತ್ತಂಗಿಲ್ಲವ್ವಾ. ಮಂದಿ ನಗ್ತಾರ."

ಗೌರವ್ವ ವಾದಕ್ಕಿಳಿಯಲಿಲ್ಲ. ಸೋಮವಾರ ಮುಂಜಾನೆ ಮಿಂದು ಬಂದವಳೇ ನನ್ನ ಕ್ಯಾರಿಯರ್ ಮೇಲೆ ಕೂತುಬಿಟ್ಟಳು. "ಗುಡಿಗೆ ಕರಕೊಂಡು ನಡಿ. ನನ್ನ ಕಾಲು ಸೋತಾವು."

"ಹಿಂದಿನ ದಾರೀಲೆ ಹೋಗೂಣು."

"ಹಿಂದಿನ ದಾರ್ಯಾಗ ಗುಡಿ ಎಲ್ಲೈತಿ?"

ತಾಯಿಗೆ ಇಲ್ಲವೆನ್ನಲಾರದೆ ಕಸ್ತೂರಿ ಹತ್ತಿದಳು. ಚಹಾದಂಗಡಿಯ ಮುಂದೆ ಹಾಲಿನ ಮಲಕಪ್ಪ ಕ್ಯಾನುಗಳನ್ನು ಕಟ್ಟಿದ ತನ್ನ ಹಳೇ ಸೈಕಲ್ಲಿನಲ್ಲಿ ನಮ್ಮನ್ನು ದಾಟಿದ. "ಏ ಚಾಂಪಿಯನ್, ಚೂರು ಬಾಜೂಕ ಸರಿಯವಾ!" ಬೆಂಚಿನ ಮೇಲಿದ್ದವರು ಗೊಳ್ಳೆಂದು ನಕ್ಕರು. ಕಸ್ತೂರಿಯ ಅಂಗೈ ಬೆವೆತು ಹ್ಯಾಂಡಲ್ ಜಾರಿತು. ಇಳಿಯಲೆಂದು ಒಂದು ಕಾಲು ಪೆಡಲ್ ಬಿಟ್ಟು ಮೇಲೆದ್ದಿತು.

"ನೀ ಇಳದ್ರ ನಾ ಬೀಳ್ತೀನಿ," ತಾಯಿ ಹಿಂದಿನಿಂದ ಮೆಲ್ಲಗೆ ಅಂದಳು. "ತುಳಿ."

ತುಳಿದಳು. ಕಣ್ಣೀರು ನನ್ನ ಕಂಬಿಯ ಮೇಲೆ ಬಿತ್ತು.

ಗೌರವ್ವ ಈಗಿಲ್ಲ, ಶಿವನ ಪಾದ ಸೇರಿದಳು. ನನಗೂ ತುಕ್ಕು ಹಿಡಿದಿದೆ. ಅಂಗನವಾಡಿಯ ಗೋಡೆಗೆ ಒರಗಿ ನಿಂತಿರುವುದೇ ಹೆಚ್ಚು. ದೇವರು ತಾನು ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡಾಗ ಮನುಷ್ಯರಿಗೆ ದುಃಖವಾಗುತ್ತದೆಂದು ಕೇಳಿದ್ದೆ. ನಾಚಿಕೆಯೂ ಆಗುತ್ತದೆಂದು ತಿಳಿದದ್ದು ಕಸ್ತೂರಿಯಿಂದ. ಇಂದಿಗೂ ಚಹಾದಂಗಡಿ ಬಂದರೆ ಅವಳ ತಲೆ ತಗ್ಗುತ್ತದೆ, ಅಂಗೈ ಬೆವರುತ್ತದೆ. ಅವಳು ಇಳಿದರೆ ಬೀಳುವವರು ಈಗ ಹಿಂದೆ ಯಾರೂ ಇಲ್ಲ. ಆದರೂ ಇಳಿಯುವುದಿಲ್ಲ.