ಅಂತರ್ಜಲ ವರದಿ, ಸಂಪುಟ ಮೂರು

ನಮ್ಮ ಗ್ರಂಥಾಲಯದ ಪ್ರತಿ ಪುಸ್ತಕದ ಮೂವತ್ತೇಳನೇ ಪುಟದಲ್ಲಿ ಒಂದು ಮುದ್ರೆ ಇರುತ್ತದೆ. ಪುಸ್ತಕ ಕದಿಯುವವರು ಮೊದಲ ಪುಟ ಹರಿಯುತ್ತಾರೆ, ಕೊನೆಯ ಪುಟ ಹರಿಯುತ್ತಾರೆ. ನಡುವಿನದು ಅವರಿಗೆ ಹೊಳೆಯುವುದಿಲ್ಲ. ಮುದ್ರೆಯ ಕೆಳಗೆ ಆ ಪುಸ್ತಕದ ದಾಖಲೆ ಸಂಖ್ಯೆಯನ್ನು ಕೈಯಲ್ಲಿ ಬರೆದಿರುತ್ತೇವೆ. ಅದಕ್ಕೆ ಗುಟ್ಟಿನ ಪುಟ ಎನ್ನುತ್ತೇವೆ. ಮೂರು ವರ್ಷದಿಂದ ಈ ಮುದ್ರೆ ಒತ್ತುವವಳು ನಾನೇ. ಉಣ್ಣುವಾಗ ಕೈ ಬಾಯಿಗೆ ಹೋಗುವ ಹಾಗೆ ನನ್ನ ಕೈ ಆ ಪುಟಕ್ಕೆ ಹೋಗುತ್ತದೆ, ನೋಡಬೇಕಾಗಿಲ್ಲ.

ಆ ದಿನ ಮಧ್ಯಾಹ್ನ ಎರಡು ಗಂಟೆಗೆ ಹೊಸ ಪುಸ್ತಕವೊಂದಕ್ಕೆ ಮುದ್ರೆ ಒತ್ತಿದವಳು ಮೊದಲ ಸಲ ಅದನ್ನು ನೋಡಿದೆ. 

ಎರಡು ತಿಂಗಳ ಹಿಂದೆ ಹನ್ನೊಂದು ಪುಸ್ತಕಗಳ ಪಟ್ಟಿ ಬಂದಿತ್ತು. ಓದುಗರ ಕೈಗೆ ಸಿಗಬಾರದ ಪುಸ್ತಕಗಳು. ಕಟ್ಟು ಕಟ್ಟಿ, ಅರಗು ಹಾಕಿ ಇಡಬೇಕು. ಅಧಿಕಾರಿ ಬಂದು ಪರಿಶೀಲಿಸಿ ಒಯ್ಯುತ್ತಾರೆ. ಆಮೇಲೆ ರದ್ದಿ ಗಿರಣಿ. ಪುಸ್ತಕ ಕಾಣೆಯಾಗಿದೆ ಎಂದು ಬರೆದವರ ಕೆಲಸವೂ ಕಾಣೆಯಾಗುತ್ತದೆ ಎಂದು ಸುತ್ತೋಲೆಯ ಕೊನೆಯ ಸಾಲು ಸಭ್ಯ ಮಾತಿನಲ್ಲಿ ಹೇಳಿತ್ತು.

ಪಟ್ಟಿಯಲ್ಲಿ ಒಂಬತ್ತನೆಯದು ಸೂಲಗಿತ್ತಿ ಪುಸ್ತಕ. ಅದಕ್ಕೆ ಉದ್ದನೆಯ ಹೆಸರು ಬೇರೆ ಇದೆ, ಯಾರೂ ಹಾಗೆ ಕರೆಯುತ್ತಿರಲಿಲ್ಲ. ನಲವತ್ತು ವರ್ಷ ಹೆರಿಗೆ ಮಾಡಿಸಿದ ಹೆಂಗಸೊಬ್ಬಳು ತಾನು ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ ಬರೆಸಿದ್ದು. ಬಸಿರು ನಿಲ್ಲುವುದು ಹೇಗೆ, ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ, ಯಾವ ನೋವನ್ನು ತಡೆದುಕೊಳ್ಳಬಹುದು, ಯಾವ ನೋವಿಗೆ ಆಸ್ಪತ್ರೆಗೆ ಓಡಬೇಕು, ಗಂಡನಿಗೆ ಯಾವಾಗ ಬಾಗಿಲು ಹಾಕಬೇಕು. ಪಟ್ಟಿ ಅದನ್ನು ಅಶ್ಲೀಲ ಎಂದಿತ್ತು. ಅಚ್ಚು ಹಾಕಿದವರು ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ನಮ್ಮ ಪ್ರತಿ ಹೋದರೆ ಇನ್ನೊಂದು ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ.

ಹಾಗಾಗಿ ನಾನು ಮತ್ತು ಗೋಂದು ಮಾವ ಸೇರಿ ಅದರ ಚರ್ಮ ಬದಲಿಸಿದ್ದೆವು. ಗೋಂದು ಮಾವ ನಮ್ಮ ಬೈಂಡರ್. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹರಿದ ಪುಸ್ತಕ ಹೊಲಿಯುತ್ತಾರೆ. ಬೆರಳಿನ ಗೋಂದು ಯಾವತ್ತೂ ಪೂರ್ತಿ ಹೋಗುವುದಿಲ್ಲ, ಹೆಸರು ಅದರಿಂದಲೇ ಬಂದದ್ದು. ಸೂಲಗಿತ್ತಿ ಪುಸ್ತಕದ ರಟ್ಟನ್ನು ಬಿಚ್ಚಿ ಅಂತರ್ಜಲ ಮಟ್ಟದ ವರದಿಯ ಮೂರನೇ ಸಂಪುಟಕ್ಕೆ ಹೊದಿಸಿದರು, ವರದಿಯ ರಟ್ಟನ್ನು ಸೂಲಗಿತ್ತಿಗೆ. ಎರಡೂ ಒಂದೇ ಅಳತೆ. ಯಾರಾದರೂ ಬಿಚ್ಚಿ ನೋಡಿದರೆ ಇರಲಿ ಎಂದು ಸೂಲಗಿತ್ತಿಯ ಮೊದಲ ಹತ್ತು ಪುಟ, ಕೊನೆಯ ನಾಲ್ಕು ಪುಟ ಕೂಡ ವರದಿಗೆ ಅಂಟಿಸಿದರು. ಮೊದಲ ಹತ್ತು ಮುನ್ನುಡಿ. "ಯಾರೋ ದೊಡ್ಡವರು ಬರೆದಿರೋದು. ಗಿರಣಿಗೆ ಹೋದ್ರೆ ಯಾರಿಗೂ ನಷ್ಟ ಇಲ್ಲ" ಎಂದಿದ್ದರು.

ಸೂಲಗಿತ್ತಿಯ ವೇಷ ತೊಟ್ಟ ವರದಿ ಉಳಿದ ಹತ್ತು ಪುಸ್ತಕಗಳ ಜೊತೆ ನಮ್ಮ ಗ್ರಂಥಪಾಲಕಿ ಮೇಡಂ ಅಲ್ಮೆರಾದಲ್ಲಿ ಅರಗು ಹಾಕಿಸಿಕೊಂಡು ಕೂತಿತು. ವರದಿಯ ವೇಷ ತೊಟ್ಟ ಸೂಲಗಿತ್ತಿ ವಾರಕ್ಕೊಬ್ಬರ ಮನೆಗೆ ಹೋಗಿ ಬರುತ್ತಿದ್ದಳು. ಮುಂದೆ, ಹಿಂದೆ ಎಲ್ಲ ಭದ್ರ. ನಡುವನ್ನು ನಾವು ಮುಟ್ಟಿರಲಿಲ್ಲ. ಕಳ್ಳರಿಗೆ ಬಲೆ ಹಾಕುವುದೇ ನಮ್ಮ ಕೆಲಸ, ಕಳ್ಳತನಕ್ಕೆ ಇಳಿದ ದಿನ ನಾವೂ ಕಳ್ಳರ ಹಾಗೆಯೇ ಯೋಚಿಸಿದ್ದೆವು.

ಅಧಿಕಾರಿ ಬರುವುದು ಅವತ್ತೇ. ಮೆಟ್ಟಿಲಿಳಿದು ಓಡಿದೆ. ಗೋಂದು ಮಾವ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಪೇಪರ್ ಓದುತ್ತಿದ್ದರು.

"ಮಾವ, ಗುಟ್ಟಿನ ಪುಟ."

"ಏನಾಯ್ತು ಅದಕ್ಕೆ?"

"ಮರೆತುಬಿಟ್ವಿ."

ಅವರು ಪೇಪರ್ ಮಡಿಸಲಿಲ್ಲ, ಹಾಗೇ ಕೆಳಗಿಟ್ಟರು. ಆಮೇಲೆ ಹೇಳಿದರು, "ಬರೋರು ಆಫೀಸಿನೋರು. ಅವರಿಗೆ ಎಲ್ಲಿ ಗೊತ್ತಿರತ್ತೆ? ರಟ್ಟು ನೋಡ್ತಾರೆ, ಟಿಕ್ ಹಾಕ್ತಾರೆ, ಟೀ ಕುಡೀತಾರೆ, ಹೋಗ್ತಾರೆ."

"ಗೊತ್ತಿದ್ರೆ?"

"ಗೊತ್ತಿದ್ರೆ ನಂಗೆ ಓದೋಕೆ ಬರಲ್ಲ ಅಂತೀನಿ. ಕೊಟ್ಟಿದ್ದು ಹೊಲಿದೆ ಅಂತೀನಿ."

"ಬೆಳಗ್ಗೆಯಿಂದ ಪೇಪರ್ ಓದ್ತಾ ಕೂತಿದ್ದೀರಲ್ಲ!"

"ಚಿತ್ರ ನೋಡ್ತಿದ್ದೆ ಕಣಮ್ಮ."

ನನಗೆ ನಗು ಬರಲಿಲ್ಲ, ಅವರಿಗೂ ಬರಲಿಲ್ಲ. ಕಟ್ಟು ಮೇಡಂ ಅಲ್ಮೆರಾದಲ್ಲಿತ್ತು, ಬೀಗದ ಕೈ ಮೇಡಂ ಹತ್ತಿರ. ಮೇಡಂಗೆ ಇದೇನೂ ಗೊತ್ತಿಲ್ಲ, ಅಥವಾ ಗೊತ್ತಾಗುವುದು ಅವರಿಗೆ ಬೇಕಿಲ್ಲ. ನಾನು ಹಂಗಾಮಿ. ಕಾಯಂ ಮಾಡುವ ಫೈಲು ಮೇಲಿನ ಆಫೀಸಿಗೆ ಹೋಗಿ ಏಳು ತಿಂಗಳಾಗಿತ್ತು. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಅಮ್ಮ ಕೇಳುತ್ತಿದ್ದಳು, "ಆರ್ಡರ್ ಬಂತಾ?"

ಎರಡೂವರೆಗೆ ಅಧಿಕಾರಿ ಬಂದರು. ಮೂರಕ್ಕೆ ಬರಬೇಕಿತ್ತು. ತೆಳ್ಳಗಿನ, ಒಪ್ಪವಾಗಿ ತಲೆ ಬಾಚಿದ ಮನುಷ್ಯ. ಒಳಗೆ ಬಂದವರು ಕುರ್ಚಿ ಹುಡುಕಲಿಲ್ಲ, ಕಪಾಟುಗಳ ಸಾಲಿನಲ್ಲಿ ನಡೆದು ಒಂದು ಕಡೆ ತಪ್ಪು ಜಾಗದಲ್ಲಿದ್ದ ಪುಸ್ತಕವೊಂದನ್ನು ತೆಗೆದು ಸರಿಯಾದ ಜಾಗಕ್ಕೆ ಸೇರಿಸಿದರು.

"ಸರ್ ಇಪ್ಪತ್ತು ವರ್ಷ ಲೈಬ್ರರಿಯಲ್ಲೇ ಇದ್ದೋರು" ಎಂದರು ಮೇಡಂ, ಹೆಮ್ಮೆಯಿಂದ. "ಆಮೇಲೆ ಈ ಹುದ್ದೆ."

ಅಧಿಕಾರಿ ನನ್ನನ್ನು ದಾಖಲೆ ಪುಸ್ತಕ ಹಿಡಿದು ನಿಲ್ಲಿಸಿದರು. ನಾನು ಸಂಖ್ಯೆ ಓದಬೇಕು, ಅವರು ಪುಸ್ತಕದಲ್ಲಿ ಹೊಂದಿಸಿ ನೋಡಬೇಕು. ಅರಗು ಒಡೆದರು. ಮೊದಲ ಪುಸ್ತಕ. ಸಂಖ್ಯೆ ಓದಿದೆ. ಅವರು ಮೊದಲ ಪುಟ ನೋಡಲೇ ಇಲ್ಲ. ಹೆಬ್ಬೆರಳು ನೇರ ಒಳಗೆ ಹೋಯಿತು, ನನ್ನದು ಹೋಗುವ ಹಾಗೆ.

"ಈ ಲೈಬ್ರರೀಲಿ ಎಷ್ಟನೇ ಪುಟ?"

"ಮೂವತ್ತೇಳು ಸರ್."

"ನಮ್ಮಲ್ಲಿ ಐವತ್ತೊಂದಿತ್ತು." ತೆರೆದರು. "ಸರಿ."

ಎರಡು, ಸರಿ. ಮೂರು, ಸರಿ. ಎಂಟನೆಯದಕ್ಕೆ ಬರುವಷ್ಟರಲ್ಲಿ ನನ್ನ ಧ್ವನಿ ಯಾರದೋ ಆಗಿತ್ತು. ಒಂಬತ್ತನೆಯ ಸಂಖ್ಯೆ ಓದಿದೆ. ಅವರು ತೆರೆದರು. ಎಡಬಲ ಎರಡೂ ಪುಟಗಳಲ್ಲಿ ಬಾವಿಗಳ ಆಳದ ಕೋಷ್ಟಕ. ಬಹಳ ಹೊತ್ತು ನೋಡಿದರು. ಮುನ್ನುಡಿಗೆ ಹೋಗಿ, ಮತ್ತೆ ಕೋಷ್ಟಕಕ್ಕೆ ಬಂದು, ಬೈಂಡಿಂಗ್‌ನ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಒಳ್ಳೆ ಕೈಕೆಲಸ" ಎಂದರು. ಮುದ್ರೆಯ ಕೆಳಗಿನ ಸಂಖ್ಯೆ ಓದಿದರು. "ಇದು ಯಾವ ಪುಸ್ತಕದ್ದು, ನೋಡಿ ಹೇಳಿ."

ನೋಡಬೇಕಿರಲಿಲ್ಲ. ನೋಡಿದ ಹಾಗೆ ಮಾಡಿ ಹೇಳಿದೆ. "ಅಂತರ್ಜಲ ಮಟ್ಟದ ವರದಿ, ಸಂಪುಟ ಮೂರು ಸರ್."

"ಅದನ್ನ ತನ್ನಿ."

"ಓದುಗರ ಹತ್ರ ಇದೆ ಸರ್."

"ಹಾಗಾದ್ರೆ ಕಾರ್ಡ್ ತನ್ನಿ."

ಮೇಡಂ ಗೋಡೆಗೆ ಒರಗಿದ್ದರು. "ನನಗೇನೂ ಗೊತ್ತಿಲ್ಲ ಸರ್" ಎನ್ನುವುದು ಹಿಂದಿನಿಂದ ಕೇಳಿಸಿತು. ಅಷ್ಟರಲ್ಲಿ ನಾನು ಕೌಂಟರಿನಲ್ಲಿದ್ದೆ.

ಕಾರ್ಡಿನಲ್ಲಿ ಎಂಟು ಹೆಸರಿದ್ದವು. ಹನ್ನೊಂದು ವರ್ಷ ಯಾರೂ ಮುಟ್ಟದ ವರದಿಯನ್ನು ಎಂಟು ವಾರದಲ್ಲಿ ಎಂಟು ಹೆಂಗಸರು ಒಯ್ದಿದ್ದರು. ಹಿಂಬದಿಯಲ್ಲಿ ನನ್ನದೇ ಪೆನ್ಸಿಲಿನಲ್ಲಿ ಸಾಲಿನಲ್ಲಿದ್ದ ಇನ್ನೂ ಆರು ಹೆಸರು. ಹೊಲಿಗೆಯವಳು, ಒಬ್ಬ ಟೀಚರ್, ಕಾಲೇಜಿನ ಇಬ್ಬರು, ಅತ್ತೆ ಸೊಸೆ ಒಂದು ಜೋಡಿ. ಈ ಕಾರ್ಡು ಒಳಗೆ ಹೋದರೆ ಹದಿನಾಲ್ಕು ಹೆಂಗಸರ ಮನೆ ಬಾಗಿಲು ತಟ್ಟುತ್ತಾರೆ.

ಹಳೆಯ ಕಾರ್ಡನ್ನು ಚೀಲಕ್ಕೆ ತುರುಕಿದೆ. ಖಾಲಿ ಕಾರ್ಡೊಂದನ್ನು ತೆಗೆದು ನನ್ನ ಹೆಸರು ಬರೆದೆ, ಒಂದೇ ಹೆಸರು. ದಿನಾಂಕದ ಮುದ್ರೆಯ ಚಕ್ರವನ್ನು ಏಳು ದಿನ ಹಿಂದೆ ತಿರುಗಿಸಿ ಒತ್ತಿದೆ. ಊದಿದೆ. ಒಯ್ದು ಕೊಟ್ಟೆ.

"ಕಾರ್ಡು ಹೊಸದು" ಎಂದರು.

"ಹಳೇದು ಹರಿದಿತ್ತು ಸರ್."

"ಅಂತರ್ಜಲದ ವರದಿ ನಿಮಗ್ಯಾಕೆ?"

"ಮನೇಲಿ ಬಾವಿ ತೋಡಿಸೋಣ ಅಂತ."

"ಮಹಡಿ ಮನೇಲಾ?" ಎಂದರು ಮೇಡಂ, ತಾವು ಏನು ಹೇಳಿದೆವೆಂದು ಹೊಳೆದು ಬಾಯಿ ಮುಚ್ಚಿಕೊಂಡರು.

ಅಧಿಕಾರಿ ದಿನಾಂಕದ ಮೇಲೆ ಹೆಬ್ಬೆರಳಿಟ್ಟು ಎಳೆದರು. ಬೆರಳಿಗೆ ನೇರಳೆ ಬಣ್ಣ ಹತ್ತಿತು. ಬೆರಳನ್ನು ನೋಡಿದರು, ನನ್ನನ್ನು ನೋಡಿದರು, ಕರ್ಚೀಫು ತೆಗೆದು ನಿಧಾನವಾಗಿ ಒರೆಸಿಕೊಂಡರು.

"ಕಾಯಂಗೆ ನಿಮ್ಮ ಫೈಲ್ ಇದೆಯಲ್ಲ, ಅದು ನನ್ನ ಮೇಜಿನ ಮೇಲಿದೆ. ಮನೆಗೆ ಹೋಗಿ ಪುಸ್ತಕ ತಗೊಂಡು ಬನ್ನಿ. ತಂದ್ರೆ ಬೈಂಡಿಂಗಲ್ಲಿ ಅದಲುಬದಲಾಗಿದೆ ಅಂತ ಬರೀತೀನಿ. ಇಂಥ ತಪ್ಪು ಆಗ್ತಿರತ್ತೆ. ತರದೇ ಇದ್ರೆ ಬೇರೆ ಥರ ಬರೀಬೇಕಾಗತ್ತೆ. ನಾನು ಇಲ್ಲೇ ಕೂತಿರ್ತೀನಿ. ಜೊತೆಗೆ ನಮ್ಮ ಡ್ರೈವರ್‌ನ ಕಳಿಸ್ಲಾ?"

"ಬೇಡ ಸರ್, ಅವಳ ಮನೆ ಇಲ್ಲೇ ಪಕ್ಕ" ಎಂದರು ಮೇಡಂ. ನನ್ನ ಮನೆ ಎರಡು ಬಸ್ಸಿನ ದೂರ. ಅದು ಅವರಿಗೆ ಚೆನ್ನಾಗಿ ಗೊತ್ತು. ಹೇಳಿದ್ದು ನನಗಾಗಿಯೋ, ಗಲಾಟೆ ಬೇಗ ಮುಗಿಯಲಿ ಎಂದೋ, ತಿಳಿಯಲಿಲ್ಲ.

ಗೋಡೆಯ ಮೇಲೆ ಮೂರೂ ಮುಕ್ಕಾಲು. ನನ್ನ ನಿಜವಾದ ಭಯ ಆಗ ಶುರುವಾಯಿತು. ಪುಸ್ತಕ ಇದ್ದದ್ದು ನರ್ಸಿಂಗ್ ಓದುವ ಹುಡುಗಿಯೊಬ್ಬಳ ಹತ್ತಿರ. ನಾವು ಅವಳನ್ನು ಗಡಿಯಾರ ಎನ್ನುತ್ತಿದ್ದೆವು. ವಾಪಸು ಕೊಡಬೇಕಾದ ದಿನ ಸರಿಯಾಗಿ ನಾಲ್ಕಕ್ಕೆ ಬಂದು ಕೌಂಟರಿನ ಮೇಲೆ ಪುಸ್ತಕ ಇಡುತ್ತಾಳೆ. ಒಂದು ದಿನ ತಡ ಮಾಡಿದವಳಲ್ಲ. ಅವಳ ದಿನ ಇವತ್ತೇ.

ಗೇಟು ದಾಟಿ, ಕಿಟಕಿಯಿಂದ ಕಾಣದ ತಿರುವಿನಲ್ಲಿ, ಬಸ್ ನಿಲ್ದಾಣದ ಕಂಬಕ್ಕೆ ಅಂಟಿ ನಿಂತೆ. ಒಂದು ಬಸ್ಸು ಬಂತು, ಅವಳಿಲ್ಲ. ಇನ್ನೊಂದು ದಾರಿಯಿಂದ ನಡೆದು ಬಂದುಬಿಟ್ಟರೆ? ಗೇಟಿಗೆ ವಾಪಸು ಓಡಿದೆ, ಮತ್ತೆ ನಿಲ್ದಾಣಕ್ಕೆ ಓಡಿದೆ. ಹಣ್ಣಿನ ಗಾಡಿಯವಳು ನನ್ನನ್ನು ನೋಡಿ, "ಯಾರಿಗಮ್ಮ ಕಾಯ್ತಿದ್ದೀಯ, ಬರ್ತಾನೆ ಬಿಡು" ಎಂದಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಗಡಿಯಾರ ಬಸ್ಸಿಳಿದಳು. ಎದೆಗೆ ಅವಚಿದ ಪುಸ್ತಕ, ಬೂದು ರಟ್ಟು.

"ಅಕ್ಕಾ, ನೀವ್ಯಾಕೆ ಇಲ್ಲಿ? ಕೌಂಟರ್ ಮುಚ್ಚಿದಾರಾ?"

"ಪುಸ್ತಕ ಕೊಡು."

ಕೊಟ್ಟಳು. ಕೈಗೆ ಬಂತು. ಇನ್ನು ನೂರು ಹೆಜ್ಜೆ ನಡೆದರೆ ನನ್ನ ಫೈಲು ನಡೆಯುತ್ತದೆ. ಅಧಿಕಾರಿ ಮಾತು ಉಳಿಸಿಕೊಳ್ಳುವ ಮನುಷ್ಯ ಎನಿಸಿತ್ತು. ಹೆಸರುಗಳ ಕಾರ್ಡು ನನ್ನ ಚೀಲದಲ್ಲಿದೆ, ಯಾರಿಗೂ ತೊಂದರೆಯಿಲ್ಲ. ಒಂದು ಪುಸ್ತಕ ಹೋಗುತ್ತದೆ, ಅಷ್ಟೆ. ಅಮ್ಮನಿಗೆ ಇವತ್ತು ಸಂಜೆ ಬೇರೆ ಉತ್ತರ ಕೊಡಬಹುದು. ಇದನ್ನೆಲ್ಲ ನಾನು ಯೋಚಿಸಿದೆ, ಸಾಕಷ್ಟು ಹೊತ್ತು ಯೋಚಿಸಿದೆ.

"ನೂರಾ ಹನ್ನೆರಡನೇ ಪುಟದ ಮೂಲೆ ಮಡಿಸಿಬಿಟ್ಟಿದ್ದೀನಿ, ಬಯ್ಯಬೇಡಿ" ಎಂದಳು ಅವಳು. "ಮೊನ್ನೆ ವಾರ್ಡಿಗೆ ಒಬ್ಬಳು ಬಂದಿದ್ಲು. ನನಗಿಂತ ಚಿಕ್ಕೋಳು. ಎರಡು ದಿನದಿಂದ ರಕ್ತ ಹೋಗ್ತಿದೆ, ಇದು ಹೀಗೇ ಇರತ್ತೆ ಅಂದ್ಕೊಂಡು ಮನೇಲೇ ಮಲಗಿದ್ಲಂತೆ. ಹೀಗೇ ಇರತ್ತೆ ಅಂತ ಹೇಳಿದ್ದು ಅವರತ್ತೆ. ನಾನು ಆ ಪುಟ ಅವರತ್ತೆಗೇ ಓದಿ ಹೇಳಿದೆ."

"ಆ ಹುಡುಗಿ?"

"ಬದುಕಿದ್ಲು. ಅತ್ತೆ ಪುಸ್ತಕದ ಹೆಸರು ಕೇಳಿದ್ರು. ಅಂತರ್ಜಲ ಅಂದೆ." ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಏನಾಗಿದೆ ಅಕ್ಕ?"

ಹೇಳಿದೆ. ಚುಟುಕಾಗಿ ಹೇಳಿದೆ. ಅವಳು ಕೈ ಚಾಚಿದಳು. ನನ್ನ ಬೆರಳು ಸ್ವಲ್ಪ ಹೊತ್ತು ಪುಸ್ತಕ ಬಿಡಲಿಲ್ಲ. ಆಮೇಲೆ ಬಿಟ್ಟವು. ಇದನ್ನು ಯಾರೂ ಧೈರ್ಯ ಎನ್ನುವುದು ಬೇಡ. ಚೀಲದಿಂದ ಹಳೆಯ ಕಾರ್ಡು ತೆಗೆದು ಕೊಟ್ಟೆ.

"ವಾಪಸ್ ತರಬೇಡ. ಯಾವತ್ತೂ. ಈ ಕಾರ್ಡಿನ ಹಿಂದೆ ಆರು ಹೆಸರಿದೆ. ಒಬ್ಬೊಬ್ಬರಿಗೆ ಒಂದೊಂದು ವಾರ."

"ಆರು ಜನ ಆದ್ಮೇಲೆ?"

"ಅವರು ಹೇಳಿದೋರಿಗೆ."

"ಯಾರಾದ್ರೂ ವಾಪಸ್ ಕೊಡದೇ ಇದ್ರೆ?"

ಬಸ್ಸು ಬಂತು. ಅವಳು ಕಾರ್ಡನ್ನು ಪುಸ್ತಕದೊಳಗಿಟ್ಟು ಹತ್ತಿದಳು.

ಅಧಿಕಾರಿ ಹೇಳಿದ ಹಾಗೆ ಅಲ್ಲೇ ಕೂತಿದ್ದರು.

"ಕಳೆದುಹೋಗಿದೆ ಸರ್."

"ಎಲ್ಲಿ?"

"ಬಸ್ಸಲ್ಲಿ ಬಿಟ್ಟಿರಬೇಕು."

"ಯಾವ ಬಸ್ಸು?"

"ನೋಡ್ಲಿಲ್ಲ ಸರ್."

ಬಿಳಿ ಹಾಳೆಯೊಂದನ್ನು ನನ್ನ ಕಡೆ ತಳ್ಳಿದರು. ಬರೆದು ಸಹಿ ಹಾಕಿದೆ. ಹಾಳೆಯನ್ನು ಎರಡು ಸಲ ಓದಿ ಫೈಲಿಗೆ ಸೇರಿಸಿದರು. ಬೈಂಡರನ್ನು ಕರೆಸಿದರು. ಗೋಂದು ಮಾವ ಬಂದು, ಹೇಳಿದ್ದ ಹಾಗೆಯೇ, ತಮಗೆ ಓದಲು ಬರುವುದಿಲ್ಲ ಎಂದರು. ಕನ್ನಡಕ ಹಾಕಿಕೊಂಡೇ ಹೇಳಿದರು. ಅಧಿಕಾರಿ ಅವರ ಹೆಸರನ್ನೂ ಬರೆದುಕೊಂಡರು. ಹತ್ತು ಪುಸ್ತಕ, ಒಂದು ವರದಿ ಹೊತ್ತು ಡ್ರೈವರ್ ಹೊರಗೆ ಹೋದ.

ಅಧಿಕಾರಿ ಮೆಟ್ಟಿಲಿಳಿಯುತ್ತಿರುವಾಗ ಮೇಡಂ ನನ್ನ ಮೇಜಿನ ಹತ್ತಿರ ಬಂದರು. "ಮುದ್ರೆ, ಕೀ ಎಲ್ಲ ಇಲ್ಲಿಟ್ಟು ಹೋಗು. ನಾಳೆಯಿಂದ ಬರೋದು ಬೇಡ. ನಾನೇನೂ ಮಾಡೋ ಹಾಗಿಲ್ಲ."

"ಸರಿ ಮೇಡಂ."

ನಾನು ಡಬ್ಬಿ, ಛತ್ರಿ, ಕುರ್ಚಿಯ ಮೇಲಿನ ದಿಂಬು ಎತ್ತಿಕೊಂಡೆ. ಅವರು ಹೋಗಲಿಲ್ಲ. ಕಿಟಕಿಯ ಕಡೆ ನೋಡಿದರು. ಕೆಳಗೆ ಕಾರಿನ ಬಾಗಿಲು ತೆಗೆದ ಸದ್ದು ಬಂತು, ಮುಚ್ಚಿದ ಸದ್ದು ಇನ್ನೂ ಬಂದಿರಲಿಲ್ಲ.

"ನನ್ನ ಮಗಳಿಗೆ ಈಗ ಐದು ತಿಂಗಳು" ಎಂದರು, ತುಂಬ ಮೆಲ್ಲಗೆ. "ಮೊದಲನೇದು ನಿಲ್ಲಲಿಲ್ಲ ನೋಡು. ಆ ಪುಸ್ತಕಕ್ಕೆ ಸಾಲಿನಲ್ಲಿ ಎಷ್ಟು ಜನ ಇದ್ದಾರೆ?"

ಅವರ ಮುಖ ನೋಡಿದೆ. ಮೂರು ವರ್ಷ ದಿನಾ ನೋಡಿದ ಮುಖ. ಅದರಲ್ಲಿ ಏನಿದೆಯೆಂದು ಓದಲು ನನಗೆ ಬರಲಿಲ್ಲ.

"ಯಾವ ಪುಸ್ತಕ ಮೇಡಂ?" ಎಂದೆ.