ಹಾಯಿಗೆ ಹಾಕಿದ ಟಕ್

ಭಾನುವಾರ ನಿಪ್ಪಾಣಿಯ ವಿಕ್ರಾಂತ ಟ್ರಾಲಿ ತಂದು, ಕೊಂಡ ದೋಣಿ ಒಯ್ಯುತ್ತಾನೆ ಎಂದು ಗಂಡ ಬಾಪುಸಾಹೇಬ ಹೇಳಿದಾಗ ಜಿನಮತಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಛಲೋ ಆತು ಬಿಡ್ರಿ," ಎಂದಳು. ಆ ರೊಟ್ಟಿ ಎತ್ತುವಾಗ ನಡುವೆ ಹರಿಯಿತು.

ಅದು ಅಂಬಿಗರ ಲಗಮಣ್ಣನ ದೋಣಿಯಂಥದ್ದಲ್ಲ. ಇಬ್ಬರು ಕೂರುವಷ್ಟು ಪುಟ್ಟದಾದ ಹಾಯಿದೋಣಿ. ಬಾಪುಸಾಹೇಬ ನೌಕಾದಳದಿಂದ ನಿವೃತ್ತನಾಗಿ ಶಿರಗುಪ್ಪಿಗೆ ಮರಳಿ ಕಬ್ಬು ಮಾಡಿಕೊಂಡಿದ್ದಾಗ, ಕೊಲ್ಹಾಪುರದ ಕಡೆ ಯಾವುದೋ ಕ್ಲಬ್ಬು ಮುಚ್ಚುತ್ತಿದೆ ಎಂದು ಕೇಳಿ ಹೋಗಿ ತಂದಿದ್ದ. ನೀರು ತಡೆಯಲು ಅಡ್ಡ ಕಟ್ಟಿದ ಬಂಧಾರದ ಹಿನ್ನೀರಿನಲ್ಲಿ ಕೃಷ್ಣಾ ಹೊಳೆ ಅಗಲವಾಗಿ ನಿಂತಿರುವಲ್ಲಿ, ಲಗಮಣ್ಣನ ಗುಡಿಸಲಿನ ಪಕ್ಕ ಒಂದು ತಗಡಿನ ಶೆಡ್ಡು ಹಾಕಿಸಿ ಅದರಲ್ಲಿ ಇಟ್ಟಿದ್ದ.

ಮೊದಲ ದಿನವೇ ಲಗಮಣ್ಣ ಕೇಳಿದ್ದ. "ಸಾವ್ಕಾರ್ರ, ನೀವು ಮೀನ ಹಿಡಿಯಂಗಿಲ್ಲ, ಮಂದಿನ ದಾಟಸಂಗಿಲ್ಲ. ಮತ್ತ ನೀರಾಗ ಹೋಗಿ ಏನ್ ಮಾಡ್ತೀರಿ?"

"ಹವಾ ತಿಂತೀವೋ."

"ಹೊತ್ತ ಮುಳುಗಿದ ಮ್ಯಾಲೆ ಅದೂ ನಡಿಯೂದಿಲ್ಲೇನ್ರಿ ನಿಮ್ಮಾಗ?"

ಜೈನರ ಮನೆಯವರು ದೀಪ ಹಚ್ಚಿದ ಮೇಲೆ ಉಣ್ಣುವುದಿಲ್ಲ ಎಂಬುದು ಲಗಮಣ್ಣನಿಗೆ ಮುಗಿಯದ ತಮಾಷೆ. ಅವರು ಎಷ್ಟೇ ದೂರ ಹೋದರೂ ಹೊತ್ತಿರುವಾಗಲೇ ದಂಡೆಗೆ ಬರುತ್ತಿದ್ದರು. ಬಂದ ಕೂಡಲೇ ಅವನು, "ಅಕ್ಕಾರ, ಊಟದ ಗಂಟಿ ಹೊಡೀತೇನ್ರಿ?" ಎನ್ನುತ್ತಿದ್ದ.

ಜಿನಮತಿಯನ್ನು ಕಂಡರೆ ಊರ ಹೆಂಗಸರಿಗೆ ಮರುಕ. ಗಂಡನ ಹುಚ್ಚಿಗೆ ಪಾಪ ಇವಳೂ ಮಗಳ ಹಳೆಯ ಚೂಡಿದಾರ ತೊಟ್ಟು, ಕಿತ್ತಳೆ ಬಣ್ಣದ ತೇಲುವ ಜಾಕೀಟು ಕಟ್ಟಿಕೊಂಡು ಹೋಗಬೇಕಲ್ಲ ಎಂದು. "ಏನ್ ಮಾಡೂದವಾ, ಒಬ್ಬರನ್ನ ಬಿಡಾಕ ಆಗತೈತೇನು?" ಎಂದು ಇವಳು ಅನ್ನುತ್ತಿದ್ದಳು. ಮೊದಲ ವರ್ಷ ಅದು ನಿಜವೇ ಆಗಿತ್ತು. ಹಲಗೆಯ ಅಂಚು ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದಳು. ಆಮೇಲೆ ಯಾವಾಗಲೋ ಆ ಮಾತು ಸುಳ್ಳಾಯಿತು, ಆದರೆ ಬಾಯಿಗೆ ರೂಢಿಯಾಗಿತ್ತು. ಗಂಡ ಎಳೆದುಕೊಂಡು ಹೋದ ಅಂದರೆ ಹೆಣ್ಣಿಗೆ ಯಾರೂ ಏನೂ ಅನ್ನುವುದಿಲ್ಲ. ನನಗೇ ಬೇಕು ಅಂದರೆ, ಯಾಕೆ ಬೇಕು, ಇಷ್ಟು ವಯಸ್ಸಾದ ಮೇಲೆ ಏನು ಬೇಕು ಎಂದು ಹತ್ತು ಜನಕ್ಕೆ ಹೇಳುತ್ತ ಕೂರಬೇಕು.

ಯಾಕೆ ಬೇಕು ಎನ್ನುವುದು ಅವಳಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಮುಂದಿನ ಸಣ್ಣ ಹಾಯಿಯ ಹಗ್ಗ ಅವಳ ಕೈಯಲ್ಲಿ ಇರುತ್ತಿತ್ತು. ಗಾಳಿ ತುಂಬಿದಾಗ ಹಗ್ಗ ಬಿಗಿಯಾಗಿ, ದೋಣಿ ಇಡಿಯಾಗಿ ಸ್ವಲ್ಪ ಮೇಲೆದ್ದು ಓಡುತ್ತಿತ್ತು. ಆ ಹೊತ್ತಿನಲ್ಲಿ ಹಾಲು ಕಾಸಿದೆನೋ ಇಲ್ಲವೋ, ಆಳುಗಳಿಗೆ ಚಹಾ ಹೋಯಿತೋ ಇಲ್ಲವೋ ಎಂಬುದು ಅವಳ ತಲೆಯಲ್ಲಿ ಇರುತ್ತಿರಲಿಲ್ಲ. ಮದುವೆಯಾದಂದಿನಿಂದ ಅವು ಇಲ್ಲದ ಜಾಗ ಅದೊಂದೇ.

ಚಳಿಗಾಲದಲ್ಲಿ ಬಾಪುಸಾಹೇಬನ ಬಲ ಭುಜ ಹಿಡಿದುಕೊಂಡಿತು. ಮಿರಜದ ಡಾಕ್ಟರು, ಜಗ್ಗುವ ಕೆಲಸ ಬೇಡ ಎಂದರು. ದೊಡ್ಡ ಹಾಯಿಯ ಹಗ್ಗ ಅವನದು. ಗಾಳಿ ಜೋರಾದಾಗ ಜಗ್ಗುವುದು ಅದೇ. ಈಗ ಜೂನು ಬಂದಿತ್ತು, ಪಡುವಣ ಗಾಳಿ ಎದ್ದಿತ್ತು. ಮಾರಿಬಿಡುವುದೇ ವಾಸಿ ಎಂದು ಅವನು ಅಂದ. ಅವಳು ಛಲೋ ಆತು ಅಂದಳು. ಅಷ್ಟಕ್ಕೇ ಮುಗಿದುಹೋಗುವ ಹಾಗಿತ್ತು.

ಮರುದಿನ ಚಹಾ ಕೊಡುತ್ತ ಅವಳು ಕೇಳಿದಳು. "ದೊಡ್ಡ ಹಡಗದ ಹಾಯಿಗೆ ಸಣ್ಣದು ಮಾಡಾಕ ಉಂಗುರ ಇರ್ತಾವ ಅಂದಿದ್ರಿ ಒಮ್ಮೆ."

"ರೀಫ್. ಇರ್ತಾವ. ಇದು ರೇಸಿನ ದೋಣಿ, ಇದಕ್ಕ ಯಾರೂ ಹಾಕೂದಿಲ್ಲ."

"ಹಾಕಬಾರದು ಅಂತ ಐತೇನು?"

"ಈಗ ಯಾಕದು? ಮಾರಾಕ ಹೊಂಟೀವಿ."

"ಅದಕ್ಕರಿ. ವಿಕ್ರಾಂತ ಅದನ್ನ ಕೆರಿಯಾಗ ಬಿಟ್ಟು ಬಂದ ಮಂದಿನ ಕೂಡಸಾವ. ಗಾಳಿ ಬಂದು ಯಾರರೆ ಬಿದ್ರಂದ್ರ ಬಾಪುಸಾಹೇಬ್ರು ಕೊಟ್ಟದ್ದು ಅಂತಾರ. ಮಾಡಿ ಕೊಡೂಣು."

ಅವನು ಬಟ್ಟಲು ಕೆಳಗಿಟ್ಟ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಒಂದು ಲೆಕ್ಕಾಚಾರ ಓಡಿತು. "ಸೀಮೆಸುಣ್ಣ ಐತೇನು ಮನ್ಯಾಗ?"

ಹಪ್ಪಳ ಒಣಗಿಸುವ ಮಾಳಿಗೆಯ ಮೇಲೆ ಹಾಯಿ ಬಿಚ್ಚಿ ಹಾಸಿ, ನಾಲ್ಕೂ ಕಡೆ ಇಟ್ಟಂಗಿ ಹೇರಿದರು. ಅವನು ಹೇಳಿದ ಹಾಗೆ ಅವಳು ಹಾಯಿಗೆ ಅಡ್ಡಲಾಗಿ ನೂಲು ಹಿಡಿದು ಗೆರೆ ಎಳೆದಳು. ಹಾಯಿಯ ಕೆಳಗಿನ ಆ ಪಟ್ಟಿಯನ್ನು ಮಡಚಿ ಕಟ್ಟಿದರೆ ಮೇಲಿನದಷ್ಟೇ ಗಾಳಿಗೆ ನಿಲ್ಲಬೇಕು. ಹಾಯಿ ಏರಿಸುವ ಕಂಬದ ಕಡೆ ಒಂದು ದೊಡ್ಡ ಉಂಗುರ, ಹಿಂದಿನ ಅಂಚಿಗೆ ಇನ್ನೊಂದು, ನಡುವೆ ಸಣ್ಣ ಕಣ್ಣುಗಳ ಸಾಲು. "ಹಿಂದಿನದು ಸ್ವಲ್ಪ ಮ್ಯಾಲಿರಲಿ. ಇಲ್ಲಂದ್ರ ಹಾಯಿ ಕೆಳಗಿನ ಅಡ್ಡಗೋಲು ಜೋತುಬಿದ್ದು ನಮ್ಮ ತಲಿಗೇ ಬಡೀತೈತಿ." ನಮ್ಮ ತಲಿಗೆ, ಎಂದ. ಅವಳು ಕೇಳಿಸಿಕೊಂಡಳು, ತಿದ್ದಲಿಲ್ಲ.

ಹೊಲಿಯಲು ಕಾಗವಾಡದ ನಾಜಿಮಾಳ ಬಳಿ ಒಯ್ದಳು. ಅವಳ ಗಂಡ ಜಾವೇದ ಟ್ರ್ಯಾಕ್ಟರಿನ ಹುಡ್ಡು, ಮಂಡಪದ ಬಟ್ಟೆ ಮಾಡುವವ. ದಪ್ಪ ಸೂಜಿಯ ಯಂತ್ರದ ಮೇಲೆ ಕೂರುವವಳು ನಾಜಿಮಾ.

"ಇದೇನ್ ವೈನಿ, ಇಷ್ಟು ದೊಡ್ಡ ಲಂಗಾ ಯಾರಿಗೆ?"

ಜಿನಮತಿ ಮಡಚಿ ತೋರಿಸಿದಳು. ನಾಜಿಮಾಳಿಗೆ ತಕ್ಷಣ ತಿಳಿಯಿತು. "ಟಕ್ ಅನ್ರಿ ಮತ್ತ! ಹುಡುಗಿ ಫ್ರಾಕಿಗೆ ಹಾಕೂದಿಲ್ಲೇನು, ಎತ್ತರ ಆದಾಗ ಬಿಚ್ಚಾಕ."

"ಹಾಂ, ಅದ. ಬೇಕಾದಾಗ ಹಾಕೂದು, ಬ್ಯಾಡಾದಾಗ ಬಿಚ್ಚೂದು."

ತಾಡಪತ್ರಿಗೆ ಹಾಕುವ ಹಿತ್ತಾಳೆ ಕಣ್ಣುಗಳ ಡಬ್ಬಿ ತೆಗೆದು ನಾಜಿಮಾ ಎಲ್ಲಕ್ಕೂ ಒಂದೇ ಸಮ ಪಟ್ಟಿ ಕತ್ತರಿಸತೊಡಗಿದಳು. ಜಿನಮತಿ ತಡೆದಳು. ಭಾರವೆಲ್ಲ ಎರಡು ತುದಿಯ ಮೇಲೆ. ಅಲ್ಲಿ ಪದರದ ಮೇಲೆ ಪದರ ಇಟ್ಟು ಹೊಲಿಯಬೇಕು. ನಡುವಿನವು ಸಡಿಲು ಬಟ್ಟೆ ಹಾರಾಡದ ಹಾಗೆ ಹಿಡಿದರೆ ಸಾಕು. ಅವನ್ನು ಬಿಗಿದರೆ ಹಾಯಿ ಹರಿಯುತ್ತದೆ.

"ಹಂಗಾರ ನಡುವಿನವು ನಮ್ಮ ಮೈದುನರಿದ್ದಂಗ," ಎಂದಳು ನಾಜಿಮಾ. "ಸಾಲಾಗಿ ನಿಲ್ಲಾಕ ಮುಂದ, ಭಾರ ಹೊರಾಕ ಹಿಂದ."

ಇಬ್ಬರೂ ನಕ್ಕರು. ನಾಜಿಮಾ ಬಾಯಲ್ಲಿದ್ದ ದಾರ ಕಡಿದು ಕೇಳಿದಳು, "ಮಾರತೀರಂತಲ್ಲ. ಛಲೋ ಆತು ಬಿಡ್ರಿ. ನಿಮಗ ಆ ನೀರಿನ ಕಾಟ ತಪ್ಪಿತು."

ಜಿನಮತಿ ಹೂಂ ಎಂದಳು. ಯಂತ್ರ ಗಡಗಡ ಸದ್ದು ಮಾಡುತ್ತಿತ್ತು. ಆ ಸದ್ದಿನಲ್ಲಿ ಅವಳಿಗೆ ಅಳು ಬಂದಂತಾಯಿತು, ಬರಲಿಲ್ಲ.

ಶನಿವಾರ ಮಧ್ಯಾಹ್ನ ಹೊಳೆಯ ದಂಡೆಯಲ್ಲಿ ಉಳಿದದ್ದನ್ನು ಕೂಡಿಸಿದರು. ಕಂಬದ ಬುಡಕ್ಕೆ ಮುಂದಿನ ಉಂಗುರ ಸಿಕ್ಕಿಸುವ ಕೊಕ್ಕೆ. ಅಡ್ಡಗೋಲಿನ ಹಿಂದಿನ ತುದಿಯಿಂದ ಒಂದು ಹಗ್ಗ ಹೊರಟು, ಮೇಲೆ ಹಿಂದಿನ ಉಂಗುರದೊಳಗೆ ನುಸುಳಿ, ಮತ್ತೆ ಕೆಳಗಿಳಿದು ಸಣ್ಣ ರಾಟೆಯ ಮೇಲೆ ಹಾಯ್ದು, ಕೋಲಿನ ಉದ್ದಕ್ಕೂ ಮುಂದೆ ಬರುತ್ತಿತ್ತು. ಅದನ್ನು ಜಗ್ಗಿದರೆ ಹಾಯಿಯ ಹಿಂಬದಿ ಕೋಲಿಗೆ ಬಂದು ಕೂರಬೇಕು. ಬಾಪುಸಾಹೇಬ ಎಡಗೈಯಿಂದ ತಿರುಪು ಬಿಗಿದ, ಅವಳು ಹಗ್ಗ ಪೋಣಿಸಿದಳು. ಹಗ್ಗದ ತುದಿ ಜೋತಾಡುತ್ತ ಉಳಿಯಿತು. ಜೋತಾಡುವುದು ಅವಳಿಗೆ ಕಂಡರಾಗದು. ಅವನು ಜಾಕೀಟು ತರಲು ಹೋದಾಗ ಅದನ್ನು ಕೋಲಿಗೆ ಸುತ್ತಿ, ಮೇವಿನ ಹೊರೆಗೆ ಹಾಕುವಂಥ ಗಂಟು ಹಾಕಿ ಬಿಗಿದಳು.

"ಒಮ್ಮೆ ನೀರಾಗ ಪರೀಕ್ಷಾ ಮಾಡಿ ಕೊಡೂಣು," ಎಂದ ಅವನು. ಕಡೆಯ ಸಲ ಎಂದು ಇಬ್ಬರೂ ಅನ್ನಲಿಲ್ಲ.

"ಇವತ್ತ ಹವಾ ಬಾಳ ಐತ್ರಿ, ಹೊಟ್ಟಿ ಕೆಟ್ಟೀತು!" ಎಂದು ಲಗಮಣ್ಣ ದಂಡೆಯಿಂದ ಕೂಗಿದ.

ಹೊಳೆಯ ನಡುವಿಗೆ ಹೋಗುವವರೆಗೆ ಎಲ್ಲ ಸುಖವಾಗಿತ್ತು. ಆಮೇಲೆ ಆಚೆ ದಂಡೆಯ ಕಬ್ಬೆಲ್ಲ ಒಮ್ಮೆಲೇ ಬಾಗಿದ್ದು ಕಾಣಿಸಿತು, ಹಿಂದೆಯೇ ಗಾಳಿ ಬಂದು ಬಡಿಯಿತು. ದೋಣಿ ಒಂದು ಮಗ್ಗುಲಿಗೆ ವಾಲಿ ಅಂಚಿನಿಂದ ನೀರು ಒಳಗೆ ಸುರಿಯಿತು. ಬಾಪುಸಾಹೇಬ "ಹಾ" ಎಂದ, ಅಷ್ಟೇ. ಹಗ್ಗ ಅವನ ಕೈ ಬಿಟ್ಟಿತ್ತು. ಬಲಗೈ ಮೈಗೆ ಅಂಟಿಕೊಂಡು ಮರಗಟ್ಟಿತ್ತು. ಹಗ್ಗ ಬಿಟ್ಟದ್ದಕ್ಕೆ ದೋಣಿ ನೆಟ್ಟಗಾಯಿತು, ಆದರೆ ಹಾಯಿ ಪಟಪಟ ಬಡಿದುಕೊಳ್ಳುತ್ತ, ಗಾಳಿ ಅವರನ್ನು ಕೆಳಕ್ಕೆ, ಬಂಧಾರದ ಕಡೆಗೆ ತಳ್ಳತೊಡಗಿತು.

ಅವನು ಎಡಗೈಯಿಂದ ಚುಕ್ಕಾಣಿ ಒತ್ತಿ ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿದ. "ಜಿನಮತಿ. ಹಾಕು ಟಕ್."

ಅವಳು ಕಂಬದ ಬಳಿ ಮೊಣಕಾಲೂರಿದಳು. ಹಾಯಿ ಎತ್ತುವ ಹಗ್ಗ ಸ್ವಲ್ಪ ಸಡಿಲಿಸಿದಳು. ಹಾಯಿ ಇಳಿಯಿತು. ಮುಂದಿನ ಉಂಗುರ ಕೊಕ್ಕೆಗೆ ಸಿಕ್ಕಿತು. ಮತ್ತೆ ಎಳೆದು ಬಿಗಿದಳು. ಇನ್ನು ಹಿಂದಿನ ಹಗ್ಗ. ಜಗ್ಗಿದಳು. ಬರಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಆಗ ಕಣ್ಣಿಗೆ ಬಿತ್ತು, ಅವಳೇ ಹಾಕಿದ ಗಂಟು. ಹಾಯಿ ಬಡಿದುಕೊಂಡ ರಭಸಕ್ಕೆ ಅದು ಬಿಗಿಯಾಗಿ, ನೀರು ಕುಡಿದು ಹುಣಸೆ ಬೀಜದಂತೆ ಗಟ್ಟಿಯಾಗಿತ್ತು.

"ಏನಾತು?"

"ಗಂಟ್ರಿ. ನಾನ ಹಾಕೀನಿ."

"ಯಾಕ ಹಾಕಿದಿ?"

"ಜೋತಾಡಾಕತ್ತಿತ್ರಿ!"

ಉಗುರು ಸೋತವು. ಹಲ್ಲಿಗೂ ಬಗ್ಗಲಿಲ್ಲ. ಬಂಧಾರದ ಕಂಬಗಳು ಈಗ ಒಂದೊಂದಾಗಿ ಬೇರೆ ಬೇರೆ ಕಾಣುತ್ತಿದ್ದವು. ಆಗ ಅವಳ ಕೈ ತಾನಾಗಿ ಎಡಗೈಯ ಬಳೆಗೆ ಹೋಯಿತು. ಅಲ್ಲಿ ಯಾವಾಗಲೂ ಒಂದು ಪಿನ್ನು ಸಿಕ್ಕಿಸಿರುತ್ತದೆ. ಲಂಗದ ಲಾಡಿ ಕಗ್ಗಂಟಾದಾಗ ಹುಡುಗಿಯಾಗಿದ್ದಾಗಿನಿಂದ ಎಷ್ಟು ಸಲ ಬಿಡಿಸಿಲ್ಲ. ಗಂಟಿನ ಹೊಟ್ಟೆಗೆ ಪಿನ್ನಿನ ಮೊನೆ ಚುಚ್ಚಿ, ಆ ಕಡೆ ಈ ಕಡೆ ಅಲುಗಿಸಿ, ಒಂದು ಎಳೆಯನ್ನು ಕೂದಲಿನಷ್ಟು ಎತ್ತಿದಳು. ಆಮೇಲೆ ಇನ್ನಷ್ಟು. ಗಂಟು ಸಡಿಲಾಯಿತು.

ಕಾಲು ಊರಿ, ಎರಡೂ ಕೈಯಿಂದ ಜಗ್ಗಿದಳು. ರಾಟೆ ಕಿರ್ ಎಂದಿತು. ಹಿಂದಿನ ಉಂಗುರ ಇಳಿದಿಳಿದು ಬಂದು ಕೋಲಿನ ಮೇಲೆ ಕೂತಿತು. ನಾಜಿಮಾಳ ಹೊಲಿಗೆ ಒಂದು ನೂಲೂ ಕದಲಲಿಲ್ಲ. ಹಗ್ಗ ಸಿಕ್ಕಿಸಿ, ನಡುವಿನ ಮೈದುನರನ್ನು ಒಬ್ಬೊಬ್ಬರನ್ನಾಗಿ ಸಡಿಲವಾಗಿ ಕಟ್ಟಿದಳು.

ಅವಳು ದೊಡ್ಡ ಹಾಯಿಯ ಹಗ್ಗ ಕೈಗೆ ತೆಗೆದುಕೊಂಡಳು. ಅವನು ಚುಕ್ಕಾಣಿ ತಿರುಗಿಸಿದ. ಅದೇ ಗಾಳಿ ಮತ್ತೆ ಬಂತು. ಹಾಯಿ ತುಂಬಿತು, ದೋಣಿ ಕೊಂಚ ಬಾಗಿ ಅಲ್ಲಿಗೇ ನಿಂತಿತು, ಹೊರಟಿತು. ಹಗ್ಗ ಅವಳ ಒಂದು ಕೈಗೆ ಆಗುವಷ್ಟೇ ಭಾರವಿತ್ತು. ಬಂಧಾರ ಹಿಂದೆ ಸರಿದು ಮತ್ತೆ ಒಂದೇ ಗೆರೆಯಾಯಿತು.

ಬಾಪುಸಾಹೇಬ ಉಸಿರು ಬಿಟ್ಟ. ಆಮೇಲೆ ನಕ್ಕ. "ಜೋತಾಡಾಕತ್ತಿತ್ತಂತ!" ಅವಳಿಗೂ ನಗು ತಡೆಯಲಾಗಲಿಲ್ಲ. ದೋಣಿಯಲ್ಲಿ ಪಾದ ಮುಳುಗುವಷ್ಟು ನೀರಿತ್ತು, ಇಬ್ಬರೂ ಅದರಲ್ಲೇ ಕಾಲಿಟ್ಟು ನಗುತ್ತಿದ್ದರು.

"ಛಲೋ ಆಗೇತಿ," ಎಂದ ಅವನು, ಹಾಯಿ ನೋಡುತ್ತ. "ಇನ್ನ ವಿಕ್ರಾಂತಗ ಕೊಟ್ರ ಚಿಂತಿಲ್ಲ."

"ಕೊಡಬ್ಯಾಡ್ರಿ."

"ಯಾಕ?"

ಗಾಳಿ ಹಿಂದಿನಿಂದ ಇದ್ದಿದ್ದರೆ ಅವಳು ಇನ್ನೊಂದು ನೆಪ ಹುಡುಕುತ್ತಿದ್ದಳೋ ಏನೋ. ಎದುರು ಗಾಳಿಗೆ ಕೂಗಿಯೇ ಹೇಳಬೇಕಿತ್ತು. "ನನಗ ಬೇಕು!"

ಅವನು ಅವಳನ್ನೇ ನೋಡಿದ. "ನೀ ನನ್ನ ಸಲುವಾಗಿ ಬರತಿದ್ದಿ ಅಲ್ಲ?"

"ಮೊದಲ ವರ್ಷ."

"ಮತ್ತ ಆಮ್ಯಾಲ?"

"ಆಮ್ಯಾಲ ನೀವ ನನ್ನ ಸಲುವಾಗಿ ಬಂದಂಗ."

ಅವನು ಚುಕ್ಕಾಣಿಯನ್ನು ಮೊಣಕಾಲಿಗೆ ಆನಿಸಿದ. ಭುಜ ತಿಕ್ಕಿಕೊಂಡ. "ನಡು ಹೊಳ್ಯಾಗ ನನ್ನ ಕೈ ಹೋದ್ರ ನಿನ್ನ ಗತಿ ಏನು ಅಂತ ಮಾರಾಕ ಹೊಂಟಿದ್ದೆ ಮಾರಾಯ್ತಿ. ನೀ ಛಲೋ ಆತು ಅಂದಿ. ಅಂಜತಾಳಂತ ಗಟ್ಟಿ ಮಾಡಿಕೊಂಡೆ." ಸ್ವಲ್ಪ ಮುಂದೆ ಸರಿದು ಚುಕ್ಕಾಣಿ ತೋರಿಸಿದ. "ಬಾ. ಇದನ್ನೂ ಹಿಡಿ."

ಎದುರು ಗಾಳಿಗೆ ಅಡ್ಡಡ್ಡ ಹಾಯುತ್ತ, ಆ ದಂಡೆಗೊಮ್ಮೆ ಈ ದಂಡೆಗೊಮ್ಮೆ ಹೋಗುತ್ತ, ಅವಳೇ ತಂದಳು. ದಂಡೆಗೆ ಬಂದಾಗ ಲಗಮಣ್ಣ ಸೊಂಟದ ತನಕ ನೀರಿಗಿಳಿದು ನಿಂತಿದ್ದ. ತನ್ನ ದೋಣಿಯ ಹಗ್ಗ ಬಿಚ್ಚಿ, ಹೊರಡಲು ಸಿದ್ಧನಾಗಿ ಕೈಯಲ್ಲಿ ಹಿಡಿದಿದ್ದ. ತಮಾಷೆ ಮಾಡಲಿಲ್ಲ. ದೋಣಿಯ ಮೂತಿ ಹಿಡಿದುಕೊಂಡು, ಚುಕ್ಕಾಣಿಯ ಹತ್ತಿರ ಕೂತವರು ಯಾರು ಎಂದು ನೋಡಿದ, ಮತ್ತೊಮ್ಮೆ ನೋಡಿದ. ಆಮೇಲೆಯೇ ಅವನ ಬಾಯಿ ತೆರೆದದ್ದು. "ಅಕ್ಕಾರ, ಗಂಟಿ ಹೊಡದ ಬಾಳ ಹೊತ್ತಾತ್ರಿ. ಓಡ್ರಿನ್ನ ಊಟಕ್ಕ."

ಮನೆಯಲ್ಲಿ ಅವರು ತಾಟಿನ ಮುಂದೆ ಕೂತಾಗ ವಿಕ್ರಾಂತನ ಫೋನು ಬಂತು. ಬಾಪುಸಾಹೇಬ ಎತ್ತಿದ, "ತಡಿಯಪ್ಪಾ, ಮಾಲಕರಿಗೆ ಕೊಡತೀನಿ," ಎಂದು ಅವಳ ಕಡೆ ಚಾಚಿದ.

"ಕಾಕು, ಟ್ರಾಲಿ ಸಜ್ಜ ಐತ್ರಿ. ಮುಂಜಾನೆ ಬರಲೇನು?"

"ಟ್ರಾಲಿ ಬ್ಯಾಡೋ ವಿಕ್ರಾಂತ. ದೋಣಿ ಕೊಡೂದಿಲ್ಲ."

"ಯಾಕ್ರಿ? ಕಾಕಾ ಮಾತು ಕೊಟ್ಟಿದ್ರಲ್ಲ!"

"ಕಾಕಾ ಕೊಟ್ಟಿದ್ರು. ನನ್ನ ಕೇಳಿರಲಿಲ್ಲ." ಒಂದು ಕ್ಷಣ ತಡೆದಳು. "ನಾನೂ ಹೇಳಿರಲಿಲ್ಲ. ತಪ್ಪು ತಿಳ್ಕೋಬ್ಯಾಡ. ನಾಳೆ ಬಾ, ಊಟಾ ಮಾಡ್ಕೊಂಡು ಹೋಗು. ಹೊತ್ತಿರತ ಬಾ ಮತ್ತ."

"ಮತ್ತ ಕಾಕಾರ ಭುಜ? ಯಾರು ನಡಸತಾರ್ರಿ ಅದನ್ನ?"

"ನಾ ನಡಸತೀನಿ."

ಫೋನು ಕೆಳಗಿಟ್ಟಳು. ಹಗ್ಗ ಉಜ್ಜಿದ ಅಂಗೈ ಪಲ್ಯದ ಖಾರಕ್ಕೆ ಉರಿಯುತ್ತಿತ್ತು. ಬಳೆಯಲ್ಲಿ ಪಿನ್ನು ಸೊಟ್ಟಗಾಗಿ ನೇತಾಡುತ್ತಿತ್ತು; ನೇತಾಡಲಿ ಎಂದು ಬಿಟ್ಟಳು. ಕಿಟಕಿಯ ಹೊರಗೆ ಇನ್ನೂ ಬೆಳಕಿತ್ತು. ಅವಳು ಇನ್ನೊಂದು ರೊಟ್ಟಿ ಹಾಕಿಕೊಂಡಳು.